ಸುಳ್ಳಿನ ಪತ್ತೆಯೋ, ಅರಿವಿನ ಪತ್ತೆಯೋ? ಪಾಲಿಗ್ರಾಫ್ ಮತ್ತು ಗುಪ್ತಮಾಹಿತಿ ಪರೀಕ್ಷೆ

ಪೀಠಿಕೆ

ದೊಡ್ಡ ಅಪರಾಧವೊಂದು ನಡೆದಾಗ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ‘ಆರೋಪಿಗೆ ಸುಳ್ಳು ಪತ್ತೆ ಪರೀಕ್ಷೆ’, ‘ಮಂಪರು ಪರೀಕ್ಷೆಗೆ ಅನುಮತಿ’ ಎಂಬ ಸುದ್ದಿಗಳು ಬರುತ್ತವೆ. ಪ್ರೌಢಶಾಲೆಯ ಮಕ್ಕಳು ಇವನ್ನು ಗಮನಿಸುತ್ತಾರೆ. ಯಂತ್ರವು ಮನುಷ್ಯನ ಸುಳ್ಳನ್ನು ಹೇಗೆ ಹಿಡಿಯುತ್ತದೆ ಎಂದು ಶಿಕ್ಷಕರನ್ನು ಕೇಳುತ್ತಾರೆ. ಪ್ರಶ್ನೆ ಸಣ್ಣದು. ಆದರೆ ಜೀವಶಾಸ್ತ್ರ, ಗಣಿತ, ಸಮಾಜವಿಜ್ಞಾನ ಮತ್ತು ಭಾಷೆ ಈ ನಾಲ್ಕೂ ವಿಷಯಗಳು ಅದರ ಉತ್ತರದಲ್ಲಿ ಕೂಡಿಕೊಳ್ಳುತ್ತವೆ.

ಸುಳ್ಳನ್ನೇ ನೇರವಾಗಿ ಹಿಡಿಯುವ ಯಂತ್ರ ಇಂದಿನವರೆಗೂ ಇಲ್ಲ. ಒಬ್ಬ ವ್ಯಕ್ತಿಗೆ ಒಂದು ಸಂಗತಿ ತಿಳಿದಿದೆಯೇ ಇಲ್ಲವೇ ಎಂಬುದನ್ನು ಸಾಕಷ್ಟು ಎಚ್ಚರಿಕೆಯಿಂದ ಪರೀಕ್ಷಿಸುವ ವಿಧಾನವೊಂದು ಮಾತ್ರ ಇದೆ. ಅದರ ಹೆಸರು ಗುಪ್ತಮಾಹಿತಿ ಪರೀಕ್ಷೆ. ಈ ಎರಡರ ನಡುವಿನ ವ್ಯತ್ಯಾಸವನ್ನು ವಿವರಿಸಿ, ಅದರಿಂದ ನಮ್ಮ ಶಾಲೆಗಳು ಕಲಿಯಬಹುದಾದುದನ್ನು ಸೂಚಿಸುವುದು ಈ ಲೇಖನದ ಉದ್ದೇಶ.

1. ಸುಳ್ಳಿಗೆ ಗುರುತು ಉಂಟೇ?

ಆರೋಪಿಯ ದೇಹದಿಂದಲೇ ಸತ್ಯವನ್ನು ಹೊರಡಿಸಬೇಕೆಂಬ ಆಸೆ ಬಹಳ ಹಳೆಯದು. ಯಾಜ್ಞವಲ್ಕ್ಯ ಸ್ಮೃತಿಯು ತಕ್ಕಡಿ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯರ ರಾಜಧಾನಿಯಲ್ಲಿದ್ದು ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ದಿವ್ಯಗಳ ವಿಧಿಯನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಧರ್ಮಶಾಸ್ತ್ರ ಗ್ರಂಥಗಳಲ್ಲಿ ಕಳ್ಳತನದ ಆರೋಪಕ್ಕೆ ಹೇಳಿರುವ ತಂಡುಲ ದಿವ್ಯದಲ್ಲಿ ಆರೋಪಿಯು ಅಕ್ಕಿಯನ್ನು ಜಗಿದು ಉಗುಳಬೇಕು. ಭಯಗೊಂಡವನ ಬಾಯಿ ಒಣಗುತ್ತದೆ ಎಂಬುದು ನಿಜವೇ. ಆದರೆ ಕಳ್ಳನ ಬಾಯಿಯಂತೆಯೇ ಕಳ್ಳನೆಂಬ ಹೆಸರಿಗೆ ಅಂಜಿದ ನಿರಪರಾಧಿಯ ಬಾಯಿಯೂ ಒಣಗುತ್ತದೆ. ಹಳೆಯ ದಿವ್ಯಕ್ಕೂ ಹೊಸ ಯಂತ್ರಕ್ಕೂ ಅಂಟಿಕೊಂಡಿರುವ ಮೂಲ ತೊಡಕು ಇದು.

ಮುಖ ನೋಡಿ ಸುಳ್ಳನ್ನು ಗುರುತಿಸಬಲ್ಲೆವೆಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಈ ನಂಬಿಕೆಯನ್ನು ಕುರಿತ ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದರು. ನಿಜ ಯಾವುದು, ಸುಳ್ಳು ಯಾವುದು ಎಂದು ಸರಿಯಾಗಿ ತೀರ್ಮಾನಿಸಿದ್ದು ಸರಾಸರಿ ನೂರಕ್ಕೆ 54 ಸಲ ಮಾತ್ರ. ನಾಣ್ಯವನ್ನು ಚಿಮ್ಮಿ ಹೇಳಿದರೂ 50 ಸಲ ಸರಿಯಾಗುತ್ತಿತ್ತು. ಕಣ್ಣು ತಪ್ಪಿಸುವುದು, ತಡವರಿಸುವುದು, ಬೆವರುವುದು ಇವು ಅಳುಕಿನ ಗುರುತುಗಳು. ಅಳುಕಿಗೆ ಕಾರಣಗಳು ಹಲವು. ಸುಳ್ಳು ಅವುಗಳಲ್ಲಿ ಒಂದು.

2. ಪಾಲಿಗ್ರಾಫ್ ಅಳೆಯುವುದೇನನ್ನು?

ಪಾಲಿಗ್ರಾಫ್ ಎಂಬ ಪದಕ್ಕೆ ‘ಬಹುಲೇಖಿ’ ಎಂದು ಅರ್ಥ. ಹಲವು ಶಾರೀರಿಕ ಬದಲಾವಣೆಗಳನ್ನು ಏಕಕಾಲದಲ್ಲಿ ಗೆರೆಗಳಾಗಿ ಬರೆಯುವ ಉಪಕರಣ ಅದು. ಎದೆಗೂ ಹೊಟ್ಟೆಗೂ ಸುತ್ತಿದ ಪಟ್ಟಿಗಳು ಉಸಿರಾಟವನ್ನು ದಾಖಲಿಸುತ್ತವೆ. ತೋಳಿಗೆ ಕಟ್ಟಿದ ಪಟ್ಟಿ ರಕ್ತದೊತ್ತಡದ ಏರಿಳಿತವನ್ನೂ ನಾಡಿಬಡಿತವನ್ನೂ ತೋರಿಸುತ್ತದೆ. ಬೆರಳುಗಳಿಗೆ ತಗುಲಿಸಿದ ಎರಡು ಎಲೆಕ್ಟ್ರೋಡುಗಳು ಚರ್ಮದ ವಿದ್ಯುತ್ ವಾಹಕತೆಯನ್ನು ಅಳೆಯುತ್ತವೆ. ಅಂಗೈಯ ಬೆವರಿನ ಗ್ರಂಥಿಗಳು ಸಿಂಪಥೆಟಿಕ್ ನರವ್ಯೂಹದ ಅಧೀನದಲ್ಲಿವೆ. ಮನಸ್ಸು ಯಾವುದಾದರೂ ಸಂಗತಿಗೆ ಚುರುಕುಗೊಂಡಾಗ, ಕಣ್ಣಿಗೆ ಕಾಣದಷ್ಟು ಬೆವರು ಅಲ್ಲಿ ಒಸರಿ ವಾಹಕತೆ ಹೆಚ್ಚುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್ ರಕ್ತದೊತ್ತಡದ ಮೂಲಕ ಸುಳ್ಳನ್ನು ಕಂಡುಹಿಡಿಯಲು ಯತ್ನಿಸಿದವರಲ್ಲಿ ಮೊದಲಿಗರು. ಅಂತಹ ಪರೀಕ್ಷೆಯ ಫಲಿತಾಂಶವನ್ನು ಸಾಕ್ಷ್ಯವಾಗಿ ಸ್ವೀಕರಿಸಲು ವಾಷಿಂಗ್ಟನ್ನಿನ ನ್ಯಾಯಾಲಯವೊಂದು 1923ರಲ್ಲಿ, ಫ್ರೈ ಪ್ರಕರಣದಲ್ಲಿ, ನಿರಾಕರಿಸಿತು. ಈ ನಡುವೆ 1921ರಲ್ಲಿ ಬರ್ಕ್ಲಿ ನಗರದ ಪೊಲೀಸ್ ಅಧಿಕಾರಿ ಜಾನ್ ಲಾರ್ಸನ್ ರಕ್ತದೊತ್ತಡ ಮತ್ತು ಉಸಿರಾಟವನ್ನು ಒಟ್ಟಿಗೆ ದಾಖಲಿಸುವ ಯಂತ್ರವನ್ನು ರಚಿಸಿದ್ದರು.

ಯಂತ್ರವು ಬರೆಯುವ ಗೆರೆಗಳಲ್ಲಿ ‘ಸುಳ್ಳು’ ಎಂಬ ಗೆರೆ ಯಾವುದೂ ಇಲ್ಲವೆಂಬುದನ್ನು ಮಕ್ಕಳಿಗೆ ಸ್ಪಷ್ಟಪಡಿಸಬೇಕು. ಉಸಿರು, ನಾಡಿ, ಬೆವರು ಇಷ್ಟೇ ಅಲ್ಲಿರುವುದು. ಈ ಗೆರೆಗಳಿಗೆ ಅರ್ಥ ಬರುವುದು ಕೇಳಿದ ಪ್ರಶ್ನೆಯಿಂದ. ಯಂತ್ರ ಎರಡು ವಿಧಾನಗಳಿಗೂ ಒಂದೇ ಆದರೂ ಪ್ರಶ್ನೆ ಕೇಳುವ ಕ್ರಮ ಬೇರೆ. ಆದ್ದರಿಂದ ಫಲಿತಾಂಶದ ಬೆಲೆಯೂ ಬೇರೆ.

3. ಹೋಲಿಕೆ ಪ್ರಶ್ನೆಯ ವಿಧಾನ

ಹೆಚ್ಚು ಪ್ರಚಾರದಲ್ಲಿರುವ ವಿಧಾನವನ್ನು 1947ರಲ್ಲಿ ಅಮೆರಿಕದ ಜಾನ್ ರೀಡ್ ರೂಪಿಸಿದರು. ಇದರಲ್ಲಿ ‘ಆ ಹಣವನ್ನು ನೀನು ಕದ್ದೆಯಾ?’ ಎಂಬಂತಹ ನೇರ ಪ್ರಶ್ನೆಗಳ ನಡುವೆ, ‘ಹಿಂದೆ ಎಂದಾದರೂ ನಿನ್ನದಲ್ಲದ ವಸ್ತುವನ್ನು ತೆಗೆದುಕೊಂಡಿದ್ದೀಯಾ?’ ಎಂಬಂತಹ ಹೋಲಿಕೆಯ ಪ್ರಶ್ನೆಗಳನ್ನು ಸೇರಿಸುತ್ತಾರೆ. ಅಪರಾಧಿಯು ನೇರ ಪ್ರಶ್ನೆಗೆ ಹೆಚ್ಚು ಪ್ರತಿಕ್ರಿಯಿಸುವನು, ನಿರಪರಾಧಿಯು ಹೋಲಿಕೆಯ ಪ್ರಶ್ನೆಗೆ ಹೆಚ್ಚು ಪ್ರತಿಕ್ರಿಯಿಸುವನು ಎಂಬುದು ಇದರ ಊಹೆ.

ಊಹೆಯ ದೋಷವನ್ನು ಕಾಣಲು ಪರಿಣತಿ ಬೇಕಿಲ್ಲ. ‘ಕೊಲೆ ಮಾಡಿದ್ದು ನೀನೇ ಏನು?’ ಎಂದು ಕೇಳಿದಾಗ ಎದೆ ನಡುಗದ ನಿರಪರಾಧಿ ಯಾರು? ತನ್ನ ಮಾನ, ಉದ್ಯೋಗ, ಬಿಡುಗಡೆ ಎಲ್ಲವೂ ಆ ಒಂದು ಉತ್ತರವನ್ನು ಅವಲಂಬಿಸಿವೆ ಎಂಬುದು ಅವನಿಗೆ ಗೊತ್ತಿರುತ್ತದೆ. ಹೀಗಾಗಿ ಅಂಜುಬುರುಕನಾದ ಪ್ರಾಮಾಣಿಕನು ಸಿಕ್ಕಿಬೀಳಬಹುದು. ಗಟ್ಟಿ ಎದೆಯ ಅಪರಾಧಿ ಪಾರಾಗಬಹುದು.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಂಗವಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2003ರ ವರದಿಯಲ್ಲಿ ಒಂದು ಕಾಲ್ಪನಿಕ ಲೆಕ್ಕವನ್ನು ಕೊಟ್ಟಿತು. 10,000 ನೌಕರರಲ್ಲಿ 10 ಮಂದಿ ಗೂಢಚಾರರಿದ್ದಾರೆ ಎಂದುಕೊಳ್ಳೋಣ. ಅವರಲ್ಲಿ 8 ಮಂದಿಯನ್ನಾದರೂ ಹಿಡಿಯುವಂತೆ ಪರೀಕ್ಷೆಯನ್ನು ಬಿಗಿಗೊಳಿಸಿದರೆ, ಅವರ ಜೊತೆಗೆ 1,598 ಮಂದಿ ನಿರ್ದೋಷಿಗಳೂ ಅನುತ್ತೀರ್ಣರಾಗುತ್ತಾರೆ. ಅಂದರೆ ಬೆರಳು ತೋರಿಸಿಕೊಂಡ 1,606 ಮಂದಿಯಲ್ಲಿ ತಪ್ಪಿತಸ್ಥರು ಕೇವಲ 8. ಹುಡುಕುವ ವಸ್ತು ಅಪರೂಪವಾದಷ್ಟೂ ತಪ್ಪು ಬೆರಳುಗಳು ಹೆಚ್ಚುತ್ತವೆ ಎಂಬ ಈ ಪಾಠವನ್ನು ಗಣಿತದ ತರಗತಿಯಲ್ಲಿ ಶೇಕಡಾವಾರು ಲೆಕ್ಕದೊಡನೆ ಹೇಳಿಕೊಡಬಹುದು. ಖಾಸಗಿ ಉದ್ಯೋಗದಾತರು ನೌಕರರನ್ನು ಇಂತಹ ಪರೀಕ್ಷೆಗೆ ಒಳಪಡಿಸುವುದನ್ನು ಬಹುಮಟ್ಟಿಗೆ ನಿಷೇಧಿಸುವ ಕಾನೂನನ್ನು ಅಮೆರಿಕ 1988ರಲ್ಲಿಯೇ ಮಾಡಿದೆ.

4. ಗುಪ್ತಮಾಹಿತಿ ಪರೀಕ್ಷೆ: ಪ್ರಶ್ನೆಯ ದಿಕ್ಕನ್ನೇ ತಿರುಗಿಸಿದ ವಿಧಾನ

ಮಿನ್ನೆಸೋಟ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಲಿಕ್ಕೆನ್ 1959ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೇರೊಂದು ದಾರಿಯನ್ನು ತೋರಿದರು. ‘ನೀನು ಮಾಡಿದೆಯಾ?’ ಎಂಬ ಪ್ರಶ್ನೆಯನ್ನೇ ಅವರು ಕೈಬಿಟ್ಟರು. ಅಪರಾಧ ಮಾಡಿದವನಿಗೆ ಮತ್ತು ತನಿಖಾಧಿಕಾರಿಗೆ ಮಾತ್ರ ತಿಳಿದಿರುವ ವಿವರವೊಂದನ್ನು ಹೊರಗಿನವರಿಗೆ ಅಷ್ಟೇ ಸಂಭವನೀಯವೆಂದು ತೋರುವ ಇತರ ವಿವರಗಳ ನಡುವೆ ಇಟ್ಟು ಕೇಳಬೇಕೆಂದರು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಂದು ಮನೆಯಲ್ಲಿ ಕಳ್ಳತನವಾಗಿದೆ. ಕಳುವಾದದ್ದು ಬೆಳ್ಳಿಯ ತಂಬಿಗೆ ಎಂಬುದು ಮನೆಯವರಿಗೂ ಪೊಲೀಸರಿಗೂ ಮಾತ್ರ ಗೊತ್ತು. ಶಂಕಿತನಿಗೆ ಯಂತ್ರವನ್ನು ಜೋಡಿಸಿ ಹೀಗೆ ಕೇಳಲಾಗುತ್ತದೆ: ‘ಕಳುವಾದ ವಸ್ತು ಬೆಳ್ಳಿಯ ಗಂಟೆಯೇ? ಬೆಳ್ಳಿಯ ತಟ್ಟೆಯೇ? ಬೆಳ್ಳಿಯ ಲೋಟವೇ? ಬೆಳ್ಳಿಯ ತಂಬಿಗೆಯೇ? ಬೆಳ್ಳಿಯ ದೀಪವೇ? ಬೆಳ್ಳಿಯ ಬಟ್ಟಲೇ?’ ಪ್ರತಿ ವಸ್ತುವಿನ ನಡುವೆಯೂ ಕೆಲವು ಕ್ಷಣಗಳ ಬಿಡುವು ಇರುತ್ತದೆ. ಶಂಕಿತನು ಎಲ್ಲಕ್ಕೂ ‘ಗೊತ್ತಿಲ್ಲ’ ಎನ್ನಬಹುದು, ಅಥವಾ ಸುಮ್ಮನಿರಬಹುದು. ಅವನ ಮಾತು ಇಲ್ಲಿ ಮುಖ್ಯವಲ್ಲ. ವಿಷಯ ಗೊತ್ತಿಲ್ಲದವನಿಗೆ ಆ ವಸ್ತುಗಳೆಲ್ಲವೂ ಒಂದೇ. ಗೊತ್ತಿದ್ದವನಿಗೆ ‘ತಂಬಿಗೆ’ ಎಂಬ ಪದ ಬೇರೆಯಾಗಿ ಕೇಳಿಸುತ್ತದೆ.

ಹಾಗೆ ಕೇಳಿಸುವುದಕ್ಕೆ ಶಾರೀರಿಕ ಕಾರಣವುಂಟು. ಹೊಸದಾದ ಅಥವಾ ತನಗೆ ಸಂಬಂಧಿಸಿದ ಪ್ರಚೋದನೆ ಎದುರಾದಾಗ ಪ್ರಾಣಿಯ ಗಮನ ಅದರತ್ತ ತಿರುಗುವುದನ್ನು ರಷ್ಯಾದ ಪಾವ್ಲೊವ್ ಗುರುತಿಸಿದ್ದರು. ಆ ಬಳಿಕ ಸೊಕೊಲೊವ್ ಅದನ್ನು ವಿವರವಾಗಿ ಅಧ್ಯಯನ ಮಾಡಿದರು. ಇದನ್ನು ನಾವು ಗಮನಪ್ರತಿಕ್ರಿಯೆ ಎನ್ನಬಹುದು. ಗದ್ದಲದ ಜಾತ್ರೆಯಲ್ಲಿ ಯಾರೋ ನಮ್ಮ ಹೆಸರನ್ನು ಕರೆದರೆ ತಟ್ಟನೆ ಕಿವಿ ನಿಮಿರುತ್ತದಲ್ಲವೇ, ಅದೇ ಇದು. ಆ ಗಳಿಗೆಯಲ್ಲಿ ಚರ್ಮದ ವಾಹಕತೆ ಏರುತ್ತದೆ, ಉಸಿರಾಟ ತುಸು ಅಡಗುತ್ತದೆ, ಹೃದಯಬಡಿತ ನಿಧಾನವಾಗುತ್ತದೆ. ಭಯದಲ್ಲಿ ಹೃದಯಬಡಿತ ಏರುವುದೆಂದು ನಮಗೆ ಗೊತ್ತಿದೆ. ಇಲ್ಲಿ ಅದು ಇಳಿಯುತ್ತದೆ. ಈ ಪರೀಕ್ಷೆಯಲ್ಲಿ ಕಾಣುವುದು ಮುಖ್ಯವಾಗಿ ಗುರುತಿಸುವಿಕೆಯ ಚಿಹ್ನೆ ಎಂಬುದಕ್ಕೆ ಇದೊಂದು ಆಧಾರ. ಹೆದರಿದ ನಿರಪರಾಧಿಯು ಪಟ್ಟಿಯ ಎಲ್ಲ ವಸ್ತುಗಳಿಗೂ ಸಮನಾಗಿ ಹೆದರಿರುತ್ತಾನೆ. ಆದ್ದರಿಂದ ಅವನ ಭಯ ಅವನಿಗೆ ಮುಳುವಾಗುವುದಿಲ್ಲ.

5. ಸಂಭವನೀಯತೆಯ ಲೆಕ್ಕ

ಯಾವುದೇ ಪಟ್ಟಿಯ ಮೊದಲ ಪದಕ್ಕೆ, ಅದು ಮೊದಲನೆಯದೆಂಬ ಕಾರಣದಿಂದಲೇ, ಪ್ರತಿಕ್ರಿಯೆ ಹೆಚ್ಚಿರುತ್ತದೆ. ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಗಂಟೆಯನ್ನು ಬಿಟ್ಟರೆ ಉಳಿಯುವುದು ಐದು ವಸ್ತುಗಳು. ಏನೂ ತಿಳಿಯದವನು ಆಕಸ್ಮಿಕವಾಗಿ ತಂಬಿಗೆಗೇ ಎಲ್ಲಕ್ಕಿಂತ ಹೆಚ್ಚು ಪ್ರತಿಕ್ರಿಯಿಸುವ ಸಂಭವನೀಯತೆ 1/5. ನೂರು ಮಂದಿ ನಿರಪರಾಧಿಗಳಲ್ಲಿ 20 ಮಂದಿ ಹೀಗೆ ಸಿಕ್ಕಿಬೀಳುತ್ತಾರೆ. ಒಂದೇ ಪ್ರಶ್ನೆಯ ಮೇಲೆ ಯಾರನ್ನೂ ದೋಷಿಯೆನ್ನಲಾಗದು.

ಎರಡನೆಯ ಪ್ರಶ್ನೆಯನ್ನು ಸೇರಿಸಿ: ಕಳ್ಳನು ಒಳಗೆ ಬಂದ ದಾರಿ ಯಾವುದು? ಮೂರನೆಯದು: ವಸ್ತುವನ್ನು ಯಾವ ಬಣ್ಣದ ಬಟ್ಟೆಯಲ್ಲಿ ಸುತ್ತಿದ್ದರು? ಎರಡು ಪ್ರಶ್ನೆಗಳಲ್ಲಿಯೂ ಆಕಸ್ಮಿಕವಾಗಿ ಸರಿಯಾದ ವಿವರವೇ ಮೇಲೆ ಬರುವ ಸಂಭವ 1/25, ಮೂರರಲ್ಲಿ 1/125, ಆರರಲ್ಲಿ 1/15,625. ಆರು ಪ್ರಶ್ನೆಗಳಲ್ಲಿ ನಾಲ್ಕು ಅಥವಾ ಹೆಚ್ಚಿನವುಗಳಲ್ಲಿ ಹಾಗಾಗುವ ಸಂಭವ 265/15,625, ಅಂದರೆ ನೂರಕ್ಕೆ ಸುಮಾರು 1.7. ಹೆಚ್ಚು ಪ್ರಶ್ನೆಗಳಿದ್ದಷ್ಟೂ ನಿರಪರಾಧಿಗೆ ರಕ್ಷಣೆ ಹೆಚ್ಚುತ್ತದೆ. ಆ ರಕ್ಷಣೆ ಎಷ್ಟೆಂಬುದನ್ನು ಮೊದಲೇ ಲೆಕ್ಕ ಹಾಕಿ ಹೇಳಬಹುದು. ಹೋಲಿಕೆ ಪ್ರಶ್ನೆಯ ವಿಧಾನದಲ್ಲಿ ಇಂತಹ ಲೆಕ್ಕಕ್ಕೆ ಅವಕಾಶವಿಲ್ಲ.

ಲಿಕ್ಕೆನ್ ಅವರ ಪ್ರಯೋಗದಲ್ಲಿ 49 ಮಂದಿ ವಿದ್ಯಾರ್ಥಿಗಳಿದ್ದರು. ಕೆಲವರು ನಟನೆಯ ಕಳ್ಳತನವನ್ನು, ಕೆಲವರು ನಟನೆಯ ಕೊಲೆಯನ್ನು, ಕೆಲವರು ಎರಡನ್ನೂ ಮಾಡಿದ್ದರು. ಉಳಿದವರು ಯಾವುದನ್ನೂ ಮಾಡಿರಲಿಲ್ಲ. ಒಬ್ಬೊಬ್ಬರನ್ನೂ ಎರಡೂ ಅಪರಾಧಗಳ ಬಗ್ಗೆ ಪ್ರಶ್ನಿಸಿದಾಗ ಒಟ್ಟು 98 ವಿಚಾರಣೆಗಳಾದವು. ಅಪರಾಧ ಮಾಡಿದ್ದವರ 50 ವಿಚಾರಣೆಗಳಲ್ಲಿ 44 ಸರಿಯಾಗಿ ಪತ್ತೆಯಾದವು. ಮಾಡಿರದವರ 48 ವಿಚಾರಣೆಗಳಲ್ಲಿ 48ಕ್ಕೆ 48ರಲ್ಲಿಯೂ ನಿರಪರಾಧಿತ್ವ ಸರಿಯಾಗಿ ತಿಳಿದುಬಂದಿತು.

ನಿಜ ಪ್ರಕರಣಗಳು ಪ್ರಯೋಗಶಾಲೆಯಷ್ಟು ಅಚ್ಚುಕಟ್ಟಲ್ಲ. ಇಸ್ರೇಲಿನ ಪೊಲೀಸ್ ದಾಖಲೆಗಳನ್ನು ಆಧರಿಸಿ ಐತಾನ್ ಎಲಾಡ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿರಪರಾಧಿಗಳ ಪೈಕಿ ನೂರಕ್ಕೆ 98 ಮಂದಿಯನ್ನು ಸರಿಯಾಗಿ ಗುರುತಿಸಲಾಗಿತ್ತು. ಅಪರಾಧಿಗಳ ಪೈಕಿ ನೂರಕ್ಕೆ 42 ಮಂದಿ ಮಾತ್ರ ಪತ್ತೆಯಾಗಿದ್ದರು. ಈ ಪರೀಕ್ಷೆಯು ತಪ್ಪುವುದು ಬಹುತೇಕ ಅಪರಾಧಿಯನ್ನು ಬಿಟ್ಟುಕೊಡುವ ಕಡೆಗೆ. ನಿರಪರಾಧಿಗೆ ಶಿಕ್ಷೆಯಾಗಬಾರದು ಎಂಬ ನ್ಯಾಯತತ್ತ್ವಕ್ಕೆ ಹತ್ತಿರವಾದ ದೋಷ ಇದು.

6. ಪ್ರಶ್ನೆ ರಚನೆಯ ನಿಯಮಗಳು

ಶಿಕ್ಷಕರಿಗೆ ಈ ಭಾಗ ತೀರ ಪರಿಚಿತವೆನಿಸುವುದು. ಗುಪ್ತಮಾಹಿತಿ ಪರೀಕ್ಷೆಯು ನಾವು ದಿನವೂ ತಯಾರಿಸುವ ಬಹು ಆಯ್ಕೆಯ ಪ್ರಶ್ನೆಯೇ. ನಮ್ಮ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ತಿಳಿದದ್ದನ್ನು ತೋರಿಸಲು ಬಯಸುತ್ತಾನೆ. ಅಲ್ಲಿ ಶಂಕಿತನು ತಿಳಿದದ್ದನ್ನು ಅಡಗಿಸಲು ಬಯಸುತ್ತಾನೆ. ಒಳ್ಳೆಯ ಪ್ರಶ್ನೆಯ ಲಕ್ಷಣಗಳು ಎರಡೂ ಕಡೆ ಒಂದೇ.

ಮೊದಲನೆಯದಾಗಿ, ಆಯ್ಕೆಗಳೆಲ್ಲವೂ ಒಂದೇ ಜಾತಿಯವಾಗಿರಬೇಕು. ‘ಲೋಟ, ತಟ್ಟೆ, ದೀಪ, ಪಿಸ್ತೂಲು’ ಎಂದು ಪಟ್ಟಿ ಮಾಡಿದರೆ ಏನೂ ತಿಳಿಯದವನೂ ಪಿಸ್ತೂಲಿಗೆ ಬೆಚ್ಚುತ್ತಾನೆ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಸರಿಯುತ್ತರವೇ ಉಳಿದವುಗಳಿಗಿಂತ ಉದ್ದವಾಗಿದ್ದು ತಾನೇ ತನ್ನನ್ನು ಬಿಟ್ಟುಕೊಡುವ ದೋಷಕ್ಕೆ ಇದು ಸಮಾನ.

ಎರಡನೆಯದಾಗಿ, ಪ್ರಕರಣಕ್ಕೆ ಸಂಬಂಧವಿಲ್ಲದ ಕೆಲವರಿಗೆ ಪಟ್ಟಿಯನ್ನು ತೋರಿಸಿ ‘ಇವುಗಳಲ್ಲಿ ಯಾವುದಿರಬಹುದು?’ ಎಂದು ಮುಂಚಿತವಾಗಿ ಕೇಳಬೇಕು. ಬಹುಮಂದಿ ಸರಿಯಾದುದನ್ನೇ ಊಹಿಸಿದರೆ ಆ ಪ್ರಶ್ನೆ ಉಪಯೋಗಕ್ಕೆ ಬಾರದು.

ಮೂರನೆಯದಾಗಿ, ಕೇಳುವ ವಿವರವು ಅಪರಾಧಿಯು ಖಂಡಿತವಾಗಿ ಗಮನಿಸಿದ್ದಿರಬಹುದಾದದ್ದಾಗಿರಬೇಕು. ಕೈಯಲ್ಲಿ ಹಿಡಿದ ವಸ್ತು ನೆನಪಿರುತ್ತದೆ. ಗೋಡೆಯ ಬಣ್ಣ ಕತ್ತಲಲ್ಲಿ ಕಂಡಿರಲಾರದು.

ನಾಲ್ಕನೆಯದಾಗಿ, ಸರಿಯಾದ ವಿವರ ಯಾವುದೆಂದು ಪ್ರಶ್ನೆ ಓದುವವನಿಗೂ ತಿಳಿಯದಿದ್ದರೆ ಒಳ್ಳೆಯದು. ತಿಳಿದಿದ್ದರೆ ಅವನ ದನಿಯ ಏರಿಳಿತವೇ ಸುಳಿವಾಗಬಹುದು.

ಐದನೆಯದಾಗಿ, ಆಯ್ಕೆಯ ಪದಗಳು ಪರೀಕ್ಷೆಗೆ ಕುಳಿತವನ ಮನೆಮಾತಿಗೆ ಸೇರಿದವಾಗಿರಬೇಕು. ಗಡಿನಾಡಿನ ನಮಗೆ ಇದರ ಮಹತ್ತ್ವ ಬೇಗ ಅರಿವಾಗುತ್ತದೆ. ಸೊಲ್ಲಾಪುರ, ಜತ್ತಗಳ ಕಡೆಯ ತಂಬಿಗೆ ಕಾಸರಗೋಡಿನಲ್ಲಿ ಚೆಂಬು; ಮೈಸೂರು ಸೀಮೆಯ ಮಾತಿಗೆ ಹತ್ತಿರವಿರುವ ಕಡೆ ಅದೇ ಚೊಂಬು. ಚೆಂಬು ಎಂದೇ ಬಲ್ಲವನಿಗೆ ತಂಬಿಗೆ ಎಂದು ಓದಿದರೆ ಗುರುತಿಸುವಿಕೆ ಮಂಕಾಗಬಹುದು. ಅಥವಾ ಆ ಪದದ ಅಪರಿಚಿತತೆಯಿಂದಲೇ ಅವನ ಗಮನ ಸೆಳೆದು, ಇಲ್ಲದ ಅರಿವನ್ನು ಇದೆಯೆಂದು ತೋರಿಸಬಹುದು.

7. ಜಪಾನಿನ ಅನುಭವ

ಈ ವಿಧಾನವನ್ನು ಪೊಲೀಸ್ ಕಾರ್ಯದಲ್ಲಿ ವ್ಯಾಪಕವಾಗಿ ಬಳಸುವ ದೇಶ ಜಪಾನ್. ಅಲ್ಲಿ ಸುಮಾರು ನೂರು ಮಂದಿ ಪರೀಕ್ಷಕರು ವರ್ಷಕ್ಕೆ ಸುಮಾರು 5,000 ಪರೀಕ್ಷೆಗಳನ್ನು ನಡೆಸುತ್ತಾರೆಂದು ಅಲ್ಲಿಯ ತಜ್ಞರು ಬರೆದಿದ್ದಾರೆ. ಅವರು ಪ್ರಾಂತೀಯ ಪೊಲೀಸ್ ಇಲಾಖೆಗಳ ಅಪರಾಧ ವಿಜ್ಞಾನ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು. ವಿಶೇಷ ತರಬೇತಿ ಪಡೆದವರು. ಪರೀಕ್ಷಕನು ಅಪರಾಧ ನಡೆದ ಸ್ಥಳದ ವಿವರಗಳನ್ನು ಅಭ್ಯಾಸ ಮಾಡಿ, ಆ ಪ್ರಕರಣಕ್ಕೆಂದೇ ಪ್ರಶ್ನೆಗಳನ್ನು ರಚಿಸುತ್ತಾನೆ.

ಪೊಲೀಸರಿಗೇ ಉತ್ತರ ಗೊತ್ತಿಲ್ಲದ ಸಂದರ್ಭದಲ್ಲಿಯೂ ಇದನ್ನು ಬಳಸುತ್ತಾರೆ. ಅಡಗಿಸಿಟ್ಟ ವಸ್ತು ಎಲ್ಲಿದೆ ಎಂದು ತಿಳಿಯದಿದ್ದರೆ ‘ಕೆರೆಯಲ್ಲಿಯೇ? ಕಾಡಿನಲ್ಲಿಯೇ? ಮನೆಯಲ್ಲಿಯೇ?’ ಎಂದು ಸಂಭವನೀಯ ಸ್ಥಳಗಳನ್ನು ಒಂದೊಂದಾಗಿ ಓದಿ, ಯಾವುದಕ್ಕೆ ಪ್ರತಿಕ್ರಿಯೆ ಹೆಚ್ಚು ಎಂದು ನೋಡಿ ಹುಡುಕಾಟದ ದಿಕ್ಕನ್ನು ನಿರ್ಧರಿಸುತ್ತಾರೆ. ಇದಕ್ಕೆ ಶೋಧನಾ ಪರೀಕ್ಷೆ ಎಂದು ಹೆಸರು.

ಈ ವಿಧಾನ ಉಪಯೋಗಕ್ಕೆ ಬರಬೇಕಾದರೆ ಪ್ರಕರಣದ ವಿವರಗಳು ಗುಟ್ಟಾಗಿರಬೇಕು. ಕಳುವಾದ ವಸ್ತು, ಬಳಸಿದ ಆಯುಧ, ಬಂದ ದಾರಿ ಎಲ್ಲವೂ ಮರುದಿನವೇ ಸುದ್ದಿಯಲ್ಲಿ ಬಂದುಬಿಟ್ಟರೆ ಊರಿನವರೆಲ್ಲರಿಗೂ ‘ಗುಪ್ತಮಾಹಿತಿ’ ತಿಳಿದಂತಾಯಿತು. ಆಮೇಲೆ ಪರೀಕ್ಷೆಗೆ ಅರ್ಥವಿಲ್ಲ.

8. ಮಿತಿಗಳು

ಪರೀಕ್ಷೆಯು ತಿಳಿವಳಿಕೆಯನ್ನು ತೋರಿಸುತ್ತದೆ. ಆ ತಿಳಿವಳಿಕೆ ಎಲ್ಲಿಂದ ಬಂದಿತೆಂಬುದನ್ನು ತೋರಿಸುವುದಿಲ್ಲ. ಕಳ್ಳತನವನ್ನು ಕಣ್ಣಾರೆ ಕಂಡು ಹೆದರಿ ಸುಮ್ಮನಿದ್ದವನಿಗೂ ತಂಬಿಗೆಯ ವಿಷಯ ಗೊತ್ತಿರುತ್ತದೆ. ವಿಚಾರಣೆಯ ವೇಳೆ ಪೊಲೀಸರ ಬಾಯಿಯಿಂದಲೇ ಕೇಳಿದವನಿಗೂ ಗೊತ್ತಿರುತ್ತದೆ. ಅಪರಾಧ ಮಾಡಿದವನು ಕುಡಿದ ಅಮಲಿನಲ್ಲಿಯೋ ಆತುರದಲ್ಲಿಯೋ ವಿವರಗಳನ್ನು ಗಮನಿಸದೆ ಇದ್ದಿರಬಹುದು, ಅಥವಾ ಮರೆತಿರಬಹುದು. ಪಟ್ಟಿಯ ಇತರ ವಸ್ತುಗಳನ್ನು ಓದುವಾಗ ಮನಸ್ಸಿನಲ್ಲಿ ಲೆಕ್ಕ ಮಾಡುವುದೇ ಮೊದಲಾದ ಉಪಾಯಗಳಿಂದ ಗೆರೆಗಳನ್ನು ಕದಡಲು ಯತ್ನಿಸುವವರೂ ಉಂಟು.

ಇಂತಹ ಉಪಾಯಗಳನ್ನು ಮೀರಬಹುದೆಂಬ ನಿರೀಕ್ಷೆಯಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಸಂಶೋಧನೆಗಳೂ ನಡೆದಿವೆ. ಮಹತ್ತ್ವದ ಪ್ರಚೋದನೆಯನ್ನು ಗುರುತಿಸಿದಾಗ ಸುಮಾರು 300 ಮಿಲಿಸೆಕೆಂಡುಗಳ ಬಳಿಕ ‘ಪಿ-300’ ಎಂಬ ಅಲೆಯೊಂದು ಏಳುತ್ತದೆ. ಲಾರೆನ್ಸ್ ಫಾರ್ವೆಲ್ ಮತ್ತು ಇಮ್ಯಾನುಯಲ್ ಡಾಂಚಿನ್ 1991ರಲ್ಲಿ ಇದನ್ನು ಗುಪ್ತಮಾಹಿತಿ ಪತ್ತೆಗೆ ಬಳಸಿ ತೋರಿಸಿದರು. ಭಾರತದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಮನಶ್ಶಾಸ್ತ್ರಜ್ಞ ಸಿ. ಆರ್. ಮುಕುಂದನ್ ಬೇರೊಂದು ಮಿದುಳು ಅಲೆಯ ಪರೀಕ್ಷೆಯನ್ನು ರೂಪಿಸಿದರು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದ ತೀರ್ಪಿನಲ್ಲಿ ಅದರ ಫಲಿತಾಂಶವನ್ನೂ ಆಧಾರವಾಗಿ ತೆಗೆದುಕೊಂಡಿತು. ಅದೇ ವರ್ಷ ನಿಮ್ಹಾನ್ಸಿನ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯು ಈ ಪರೀಕ್ಷೆಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಅಭಿಪ್ರಾಯಪಟ್ಟಿತು.

9. ನಮ್ಮ ಸಂವಿಧಾನ ಹೇಳುವುದೇನು?

ಅಪರಾಧದ ಆರೋಪ ಹೊತ್ತ ಯಾವ ವ್ಯಕ್ತಿಯನ್ನೂ ಅವನ ವಿರುದ್ಧ ಅವನೇ ಸಾಕ್ಷಿಯಾಗುವಂತೆ ಬಲವಂತಪಡಿಸಕೂಡದು ಎಂಬುದು ಸಂವಿಧಾನದ 20(3)ನೇ ವಿಧಿಯ ಆಶಯ. 21ನೇ ವಿಧಿಯು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ರಕ್ಷಿಸುತ್ತದೆ. ‘ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ನೀಡಿದ ತೀರ್ಪು ಈ ಎರಡು ವಿಧಿಗಳನ್ನು ಆಧರಿಸಿದೆ. ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್. ವಿ. ರವೀಂದ್ರನ್ ಮತ್ತು ಜೆ. ಎಂ. ಪಾಂಚಾಲ್ ಅವರ ಪೀಠವು ಮಂಪರು ಪರೀಕ್ಷೆ, ಪಾಲಿಗ್ರಾಫ್ ಮತ್ತು ಮಿದುಳು ಅಲೆಯ ಪರೀಕ್ಷೆ ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು ತೀರ್ಮಾನಿಸಿತು.

ಒಪ್ಪಿಗೆಯಿಂದ ಪರೀಕ್ಷೆ ನಡೆದರೂ ಅದರ ಫಲಿತಾಂಶ ತಾನೇ ಸಾಕ್ಷ್ಯವಾಗದು. ಅದರ ನೆರವಿನಿಂದ ಆಮೇಲೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಆಗ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 27ನೇ ಕಲಮಿನಂತೆ ಪರಿಗಣಿಸಬಹುದೆಂದು ತೀರ್ಪು ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2000ದಲ್ಲಿ ಹೊರಡಿಸಿದ್ದ ಮಾರ್ಗಸೂಚಿಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ನ್ಯಾಯಾಲಯ ಹೇಳಿತು. ಅವುಗಳಂತೆ ಆರೋಪಿಗೆ ವಕೀಲರ ನೆರವು ಇರಬೇಕು. ಪರೀಕ್ಷೆಯ ದೈಹಿಕ, ಮಾನಸಿಕ ಮತ್ತು ಕಾನೂನಾತ್ಮಕ ಪರಿಣಾಮಗಳನ್ನು ಅವನಿಗೆ ವಿವರಿಸಬೇಕು. ಅವನ ಒಪ್ಪಿಗೆಯನ್ನು ನ್ಯಾಯಿಕ ದಂಡಾಧಿಕಾರಿಯ ಮುಂದೆ ದಾಖಲಿಸಬೇಕು.

‘ವಿವರಿಸಬೇಕು’ ಎಂಬ ಮಾತಿನಲ್ಲಿಯೇ ಭಾಷೆಯ ಪ್ರಶ್ನೆ ಅಡಗಿದೆ. ತಿಳಿಯದ ಭಾಷೆಯಲ್ಲಿ ವಿವರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಾಗಲಾರದು. ಮುಂಜಾಗ್ರತಾ ಬಂಧನದ ಸಂದರ್ಭದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಹತ್ತಿರವಾದ ತತ್ತ್ವವನ್ನು 1962ರಷ್ಟು ಹಿಂದೆಯೇ, ‘ಹರಿಕಿಷನ್ ವಿರುದ್ಧ ಮಹಾರಾಷ್ಟ್ರ ರಾಜ್ಯ’ ಪ್ರಕರಣದಲ್ಲಿ ಹೇಳಿದೆ. ಇಂಗ್ಲಿಷ್ ಅರಿಯದ ಬಂಧಿತನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಅವನ್ನು ತಿಳಿಸಿದಂತಾಗದು. ಅವನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂಬುದು ಆ ತೀರ್ಪಿನ ಸಾರ. ಆಡಳಿತ ಭಾಷೆ ಒಂದು, ಮನೆಮಾತು ಇನ್ನೊಂದು ಆಗಿರುವ ಊರುಗಳ ಮಕ್ಕಳಿಗೆ ಈ ಎರಡೂ ತೀರ್ಪುಗಳನ್ನು ಪೌರನೀತಿಯ ಪಾಠದೊಡನೆ ತಿಳಿಸಿಕೊಡಬೇಕು.

10. ಶಾಲೆಯ ಅಂಗಳದಲ್ಲಿ

ತರಗತಿಯಲ್ಲಿ ಹಣವೋ ಪೆನ್ನೋ ಕಾಣೆಯಾದಾಗ ಏನಾಗುತ್ತದೆ? ಎಲ್ಲರನ್ನೂ ನಿಲ್ಲಿಸಿ ‘ತೆಗೆದವರು ಯಾರು?’ ಎಂದು ಗದರಿಸುವುದುಂಟು. ತಲೆ ತಗ್ಗಿಸಿದ ಅಥವಾ ಮಾತು ತೊದಲಿದ ಮಗುವಿನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಇದು ಯಂತ್ರವಿಲ್ಲದ ಹೋಲಿಕೆ ಪ್ರಶ್ನೆಯ ಪರೀಕ್ಷೆ. ಅದರ ದೋಷಗಳೆಲ್ಲವೂ ಇದರಲ್ಲಿವೆ, ಅದಕ್ಕಿರುವಷ್ಟು ಎಚ್ಚರಿಕೆಯೂ ಇದರಲ್ಲಿಲ್ಲ. ಮನೆಯಲ್ಲಿ ಕನ್ನಡವಾಡುವ ಮಗುವನ್ನು ಮಲಯಾಳದಲ್ಲಿಯೋ ತಮಿಳಿನಲ್ಲಿಯೋ ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ವಿಚಾರಿಸಿದಾಗ ಅದು ತಡವರಿಸುವುದು ಪದಕ್ಕಾಗಿ ಹುಡುಕುತ್ತಿರುವುದರಿಂದ ಇರಬಹುದು. ಆ ತಡವರಿಕೆಯನ್ನು ತಪ್ಪೊಪ್ಪಿಗೆಯೆಂದು ಓದಿದರೆ, ಮಾಡದ ತಪ್ಪಿನ ಹೆಸರು ಆ ಮಗುವಿಗೆ ಶಾಲೆ ಬಿಡುವವರೆಗೂ ಅಂಟಿಕೊಳ್ಳಬಹುದು.

ಹಾಗೆಂದು ಗುಪ್ತಮಾಹಿತಿ ಪರೀಕ್ಷೆಯನ್ನು ಮಕ್ಕಳ ಮೇಲೆ ಪ್ರಯೋಗಿಸಬೇಕೆಂದು ಯಾರೂ ತಿಳಿಯಬಾರದು. ಅದು ಶಾಲೆಗೆ ಸಲ್ಲದ ಕೆಲಸ. ಅದರ ಹಿಂದಿರುವ ವಿವೇಕವನ್ನು ಮಾತ್ರ ನಾವು ತೆಗೆದುಕೊಳ್ಳಬಹುದು. ಮುಖಭಾವದಿಂದ ತೀರ್ಮಾನಿಸದಿರುವುದು, ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳದಿರುವುದು, ಮಗುವಿನ ಮನೆಮಾತಿನಲ್ಲಿ ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಮಾತನಾಡಿಸುವುದು, ಒಂದೇ ಸುಳಿವಿನ ಮೇಲೆ ಯಾರ ಹೆಸರನ್ನೂ ಎತ್ತದಿರುವುದು ಇವು ಯಾವ ಶಾಲೆಯಲ್ಲಿಯೂ ಸಾಧ್ಯ.

ತರಗತಿ ಚಟುವಟಿಕೆ

ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ, ಇನ್ನೂ ಓದಿಲ್ಲದ ಬೇರೆ ಬೇರೆ ಪಾಠವನ್ನು ಒಂದೊಂದು ಗುಂಪಿಗೆ ಕೊಡಿರಿ. ಪ್ರತಿ ಗುಂಪೂ ತನ್ನ ಪಾಠವನ್ನು ಓದಿ, ಐದು ಆಯ್ಕೆಗಳುಳ್ಳ ಒಂದು ಪ್ರಶ್ನೆಯನ್ನು ರಚಿಸಲಿ. ಆ ಪಾಠವನ್ನು ಓದಿರದ ಉಳಿದ ಮಕ್ಕಳು ಊಹೆಯಿಂದ ಉತ್ತರಿಸಲಿ. ಹಾಗೆ ಉತ್ತರಿಸುವವರು 30 ಮಂದಿ ಇದ್ದರೆ ಸುಮಾರು 6 ಮಂದಿ ಆಕಸ್ಮಿಕವಾಗಿ ಸರಿಯುತ್ತರವನ್ನು ಆರಿಸಬಹುದು. 15 ಮಂದಿ ಆರಿಸಿದರೆ ಪ್ರಶ್ನೆಯೇ ಉತ್ತರವನ್ನು ಹೇಳಿಕೊಡುತ್ತಿದೆ ಎಂದರ್ಥ. ಯಾವ ಆಯ್ಕೆ, ಯಾವ ಪದ ಸುಳಿವು ಕೊಟ್ಟಿತೆಂದು ಚರ್ಚಿಸಿ ಪ್ರಶ್ನೆಯನ್ನು ತಿದ್ದಿಸಿರಿ. ಮತ್ತೊಂದು ತರಗತಿಯಲ್ಲಿ ಅದನ್ನೇ ಕೇಳಿ ಎಣಿಕೆಯನ್ನು ಹೋಲಿಸಿರಿ.

ಚರ್ಚೆಗೆ ಪ್ರಶ್ನೆಗಳು

1. ‘ಸುಳ್ಳು ಪತ್ತೆ ಯಂತ್ರ’ ಎಂಬ ಹೆಸರು ಪಾಲಿಗ್ರಾಫಿಗೆ ಏಕೆ ಒಪ್ಪುವುದಿಲ್ಲ? ಅದಕ್ಕೆ ತಕ್ಕ ಕನ್ನಡ ಹೆಸರೊಂದನ್ನು ಸೂಚಿಸಿರಿ.
2. ಹೆದರಿದ ನಿರಪರಾಧಿಯನ್ನು ಗುಪ್ತಮಾಹಿತಿ ಪರೀಕ್ಷೆ ಹೇಗೆ ರಕ್ಷಿಸುತ್ತದೆ?
3. ನಾಲ್ಕು ಆಯ್ಕೆಗಳ ಐದು ಪ್ರಶ್ನೆಗಳಿದ್ದರೆ, ಏನೂ ತಿಳಿಯದವನು ಐದರಲ್ಲಿಯೂ ಆಕಸ್ಮಿಕವಾಗಿ ಸರಿಯುತ್ತರಕ್ಕೇ ಹೆಚ್ಚು ಪ್ರತಿಕ್ರಿಯಿಸುವ ಸಂಭವನೀಯತೆ ಎಷ್ಟು?
4. ಒಂದೇ ವಸ್ತುವಿಗೆ ನಿಮ್ಮ ಊರಿನಲ್ಲಿಯೂ ಪಠ್ಯಪುಸ್ತಕದಲ್ಲಿಯೂ ಬೇರೆ ಬೇರೆ ಹೆಸರಿರುವ ಹತ್ತು ಪದಗಳನ್ನು ಮಕ್ಕಳಿಂದ ಸಂಗ್ರಹಿಸಿರಿ. ಪ್ರಶ್ನೆಪತ್ರಿಕೆಯಲ್ಲಿ ಇವುಗಳಲ್ಲಿ ಯಾವುದನ್ನು ಬಳಸಬೇಕು? ಏಕೆ?